ಉರಕಾಮಿಯ ಮೌನ: ಯುದ್ಧದ ಗಾಯವೂ ಸಾಂತ್ವನದ ಮಾತೂ

1945ರ ನವೆಂಬರ್ 23ರಂದು ಜಪಾನಿನ ನಾಗಸಾಕಿಯ ಉರಕಾಮಿ ಕಣಿವೆಯಲ್ಲಿ, ಕುಸಿದುಬಿದ್ದ ದೇವಾಲಯದ ಅವಶೇಷಗಳ ಬಳಿ, ಅಗಲಿದವರಿಗಾಗಿ ಸಾಮೂಹಿಕ ಬಲಿಪೂಜೆ ನಡೆಯಿತು. ಅಲ್ಲಿ ನೆರೆದವರಲ್ಲಿ ಮನೆಯವರನ್ನು ಕಳೆದುಕೊಳ್ಳದವರು ವಿರಳವಾಗಿದ್ದರು. ಶ್ರೀಸಾಮಾನ್ಯ ವಿಶ್ವಾಸಿಗಳ ಪರವಾಗಿ ಅಂದು ಶ್ರದ್ಧಾಂಜಲಿಯ ಭಾಷಣವನ್ನು ಓದಿದವರು ನಾಗಸಾಕಿ ವೈದ್ಯಕೀಯ ಕಾಲೇಜಿನ ವಿಕಿರಣ ವಿಭಾಗದ ವೈದ್ಯರಾದ ತಾಕಾಶಿ ನಾಗಾಯಿ. ಅವರಿಗೆ ಆಗ 37 ವರ್ಷ. ಬಾಂಬು ಬೀಳುವ ಮೊದಲೇ ಅವರಿಗೆ ರಕ್ತದ ಕ್ಯಾನ್ಸರ್ ತಗುಲಿತ್ತು. ಬಾಂಬು ಬಿದ್ದ ದಿನ ಅವರ ಪತ್ನಿ ಮಿದೋರಿ ಮನೆಯೊಳಗೇ ಸುಟ್ಟುಹೋಗಿದ್ದರು. ಅವರು ತಮ್ಮ ಭಾಷಣದಲ್ಲಿ ಉರಕಾಮಿಯ ಮೃತರನ್ನು ದೇವರು ತಾನೇ ಆರಿಸಿಕೊಂಡ ದಹನಬಲಿಯೆಂದು ಕರೆದರು.

ಆ ಮಾತು ಅಂದಿನ ಶೋಕಾರ್ತರಿಗೆ ಆಸರೆಯಾಯಿತು ಎಂಬುದರಲ್ಲಿ ಸಂದೇಹವಿಲ್ಲ. ಅದೇ ಮಾತು ಅವರಲ್ಲಿ ಅನೇಕರನ್ನು ಹಲವು ದಶಕಗಳ ಕಾಲ ಮೌನದಲ್ಲಿ ಕೂಡಿಹಾಕಿತು ಎಂಬ ಮಾತೂ ನಾಗಸಾಕಿಯಲ್ಲೇ ಕೇಳಿಬಂದಿದೆ. ಯುದ್ಧವು ನಾಗರಿಕರ ಮನಸ್ಸಿನ ಮೇಲೆ ಮಾಡುವ ಗಾಯವನ್ನು ಕುರಿತು ವೈದ್ಯರೂ ಮನಶ್ಶಾಸ್ತ್ರಜ್ಞರೂ ಬಹಳ ಬರೆದಿದ್ದಾರೆ. ನಮಗೆ, ಅಂದರೆ ಸಾವಿನ ಮನೆಯಲ್ಲಿ ಮೊದಲು ಬಾಯಿ ತೆರೆಯಬೇಕಾದ ಗುರುಗಳಿಗೆ, ಇಲ್ಲಿ ಬೇರೊಂದು ಪ್ರಶ್ನೆಯೂ ಇದೆ: ಆ ಗಾಯದ ಮೇಲೆ ನಾವು ಇಡುವ ದೈವಶಾಸ್ತ್ರದ ಮಾತು ಅದನ್ನು ಮಾಯಿಸುತ್ತದೆಯೇ, ಮುಚ್ಚಿಡುತ್ತದೆಯೇ? ಉರಕಾಮಿಯ ಇತಿಹಾಸವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಓದುವುದು ಈ ಲೇಖನದ ಉದ್ದೇಶ.

ಕಣಿವೆಯ ಪೂರ್ವಕಥೆ

ಉರಕಾಮಿಯ ಜನರು ಬಾಂಬನ್ನು ಹೇಗೆ ಅರ್ಥೈಸಿಕೊಂಡರು ಎಂಬುದನ್ನು ತಿಳಿಯಲು ಅವರ ಹಿಂದಿನ ನೆನಪುಗಳನ್ನು ತಿಳಿದಿರಬೇಕು. ಸಂತ ಫ್ರಾನ್ಸಿಸ್ ಝೇವಿಯರರು 1549ರಲ್ಲಿ ಕಾಗೋಶಿಮಾದಲ್ಲಿ ಕಾಲಿಟ್ಟ ಮೇಲೆ ಜಪಾನಿನ ದಕ್ಷಿಣದಲ್ಲಿ ಕ್ರೈಸ್ತ ವಿಶ್ವಾಸ ಬೇಗನೆ ಹಬ್ಬಿತು. ದಮನವೂ ಬೇಗನೆ ಬಂತು. 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಝಾಕಾ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ಒಬ್ಬರು ನಮ್ಮ ದೇಶದ ವಸಾಯಿಯಲ್ಲಿ ಜನಿಸಿದ ಫ್ರಾನ್ಸಿಸ್ಕನ್ ಸಹೋದರ ಸಂತ ಗೊನ್ಸಾಲೊ ಗಾರ್ಸಿಯಾ. 1614ರಲ್ಲಿ ಕ್ರೈಸ್ತ ಧರ್ಮವನ್ನು ದೇಶದಾದ್ಯಂತ ನಿಷೇಧಿಸಲಾಯಿತು.

ಆ ಬಳಿಕ ಎರಡು ಶತಮಾನಗಳಿಗೂ ಹೆಚ್ಚು ಕಾಲ ಉರಕಾಮಿಯ ವಿಶ್ವಾಸಿಗಳು ಗುರುಗಳಿಲ್ಲದೆ, ಪರಮಪ್ರಸಾದವಿಲ್ಲದೆ, ಗುಟ್ಟಾಗಿ ವಿಶ್ವಾಸವನ್ನು ಉಳಿಸಿಕೊಂಡರು. ವರ್ಷಕ್ಕೊಮ್ಮೆ ಗ್ರಾಮದ ಮುಖ್ಯಸ್ಥನ ಮನೆಗೆ ಹೋಗಿ, ಕ್ರಿಸ್ತನ ಅಥವಾ ಮಾತೆ ಮರಿಯಳ ಬಿಂಬವನ್ನು ಅಧಿಕಾರಿಗಳ ಎದುರು ತುಳಿಯಬೇಕಾಗಿತ್ತು. ಪಾಪನಿವೇದನೆ ಕೇಳಲು ಗುರುವಿಲ್ಲದ ಕಾರಣ, ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದ ಪಶ್ಚಾತ್ತಾಪದ ಪ್ರಾರ್ಥನೆಯೇ ಅವರಿಗೆ ಸಂಸ್ಕಾರದ ಸ್ಥಾನದಲ್ಲಿತ್ತು. ತುಳಿಯದವರು ಸತ್ತಿದ್ದರು, ತುಳಿದವರು ಬದುಕಿ, ಪಶ್ಚಾತ್ತಾಪಪಟ್ಟು, ವಿಶ್ವಾಸವನ್ನು ಮಕ್ಕಳಿಗೆ ದಾಟಿಸಿದ್ದರು. ಬದುಕಿ ಉಳಿದುದೇ ಒಂದು ಋಣ ಎಂಬ ಭಾವ ಅಂಥ ಸಮುದಾಯದ ಆಧ್ಯಾತ್ಮಿಕತೆಯಲ್ಲಿ ಆಳವಾಗಿ ಬೇರೂರಿದ್ದರೆ ಆಶ್ಚರ್ಯವಿಲ್ಲ ಎಂದು ನಮಗನಿಸುತ್ತದೆ.

1865ರ ಮಾರ್ಚ್ 17ರಂದು ಉರಕಾಮಿಯ ಕೆಲವರು ಹೊಸದಾಗಿ ಕಟ್ಟಲಾಗಿದ್ದ ಓಉರಾ ದೇವಾಲಯಕ್ಕೆ ಬಂದು ಬೆರ್ನಾರ್ ಪೆತಿಜಾನ್ ಗುರುಗಳ ಮುಂದೆ ತಮ್ಮ ವಿಶ್ವಾಸವನ್ನು ಪ್ರಕಟಿಸಿದರು. ಸಂತೋಷದ ಹಿಂದೆಯೇ ಮತ್ತೊಂದು ದಮನ ಬಂತು. 1868ರಿಂದ 3,300ಕ್ಕೂ ಹೆಚ್ಚು ಮಂದಿಯನ್ನು ದೇಶದ ಬೇರೆಬೇರೆ ಸೀಮೆಗಳಿಗೆ ಗಡೀಪಾರು ಮಾಡಲಾಯಿತು. 1873ರಲ್ಲಿ ನಿಷೇಧ ತೆರವಾಗಿ ಅವರು ಹಿಂದಿರುಗುವಷ್ಟರಲ್ಲಿ 600ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಶ್ರೀರಂಗಪಟ್ಟಣದ ಸೆರೆವಾಸದ ನೆನಪನ್ನು ಮನೆಮನೆಯಲ್ಲೂ ಉಳಿಸಿಕೊಂಡು ಬಂದಿರುವ ನಮ್ಮ ಕರಾವಳಿಯ ಕ್ರೈಸ್ತರಿಗೆ ಇಂಥ ಗಡೀಪಾರು ಒಂದು ಸಮುದಾಯದ ಗುರುತಾಗಿಯೇ ನಿಲ್ಲುವ ಬಗೆ ತಿಳಿಯದ ವಿಷಯವಲ್ಲ. ಉರಕಾಮಿಯವರು ಅದನ್ನು 'ಪಯಣ' ಎಂದಷ್ಟೇ ಕರೆದರು. ಹಿಂದಿರುಗಿದವರು ತಮ್ಮ ಹಿರಿಯರು ಬಿಂಬವನ್ನು ತುಳಿಯಬೇಕಾಗಿದ್ದ ಆ ಮುಖ್ಯಸ್ಥನ ಮನೆಯ ನಿವೇಶನವನ್ನೇ ಕೊಂಡು, 1895ರಿಂದ 1914ರವರೆಗೆ ದುಡಿದು ಅಲ್ಲಿ ಇಟ್ಟಿಗೆಯ ಮಹಾದೇವಾಲಯವನ್ನು ಕಟ್ಟಿದರು. ಅದರ ಎರಡು ಗೋಪುರಗಳು 1925ರಲ್ಲಿ ಪೂರ್ಣಗೊಂಡವು.

ಆಗಸ್ಟ್ 9

1945ರ ಆಗಸ್ಟ್ 9ರಂದು ಅಮೆರಿಕದ ವಿಮಾನದ ಮೊದಲ ಗುರಿ ಕೊಕುರಾ ನಗರವಾಗಿತ್ತು. ಅಲ್ಲಿ ಗುರಿ ಕಾಣದ ಕಾರಣ ವಿಮಾನ ನಾಗಸಾಕಿಗೆ ತಿರುಗಿತು. ಅಲ್ಲಿಯೂ ಮೋಡವಿತ್ತು. ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಬಾಂಬು ನಗರದ ಮಧ್ಯಭಾಗವನ್ನು ಬಿಟ್ಟು ಉರಕಾಮಿ ಕಣಿವೆಯ ಮೇಲೆ, ನೆಲದಿಂದ ಸುಮಾರು 500 ಮೀಟರ್ ಎತ್ತರದಲ್ಲಿ ಸ್ಫೋಟಿಸಿತು. ಆ ಕಣಿವೆಯಲ್ಲಿ ಮಿತ್ಸುಬಿಶಿ ಸಂಸ್ಥೆಯ ಶಸ್ತ್ರಾಸ್ತ್ರ ಕಾರ್ಖಾನೆಗಳೂ ಇದ್ದವು. ಅವುಗಳಲ್ಲಿ ಶಾಲಾ ಮಕ್ಕಳೂ ಕೊರಿಯಾದಿಂದ ಬಲವಂತವಾಗಿ ತಂದ ಕಾರ್ಮಿಕರೂ ದುಡಿಯುತ್ತಿದ್ದರು. ಸ್ಫೋಟಕೇಂದ್ರದಿಂದ ದೇವಾಲಯಕ್ಕೆ ಅರ್ಧ ಕಿಲೋಮೀಟರಿನಷ್ಟೇ ದೂರ. ಆಗಸ್ಟ್ 15ರ ಮಾತೆ ಮರಿಯಳ ಸ್ವರ್ಗಸ್ವೀಕಾರದ ಮಹೋತ್ಸವಕ್ಕೆ ಸಿದ್ಧತೆಯಾಗಿ ಒಳಗೆ ಇಬ್ಬರು ಗುರುಗಳು ಪಾಪನಿವೇದನೆ ಕೇಳುತ್ತಿದ್ದರು. ಅವರೂ ಅವರ ಬಳಿ ಬಂದಿದ್ದವರೂ ಯಾರೂ ಉಳಿಯಲಿಲ್ಲ.

ಆ ವರ್ಷದ ಕೊನೆಯ ಹೊತ್ತಿಗೆ ನಗರದಲ್ಲಿ ಸತ್ತವರು ಸುಮಾರು 74,000 ಎಂಬುದು ನಾಗಸಾಕಿಯ ಅಧಿಕೃತ ಅಂದಾಜು. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500ರಷ್ಟು ಮಂದಿ ಇಲ್ಲವಾದರು. ಇನ್ನೂರೈವತ್ತು ವರ್ಷಗಳ ದಮನ ಮಾಡದಿದ್ದುದನ್ನು ಒಂದು ಬಾಂಬು ಮಾಡಿತ್ತು. ಹಿಂದಿನ ನಾಲ್ಕು ದಮನಗಳ ಸಾಲಿಗೆ ಸೇರಿಸಿ ಇದನ್ನು 'ಐದನೆಯ ಕುಸಿತ' ಎಂದು ಕರೆದವರೂ ಉರಕಾಮಿಯಲ್ಲಿದ್ದಾರೆ.

ಮನಸ್ಸಿನ ಗಾಯ

ಬದುಕಿ ಉಳಿದವರ ದೇಹದ ಸ್ಥಿತಿಯನ್ನು ಅಳೆಯಲು ಉಪಕರಣಗಳು ಬೇಗನೆ ಬಂದವು. ಅಮೆರಿಕ ಸ್ಥಾಪಿಸಿದ ಪರಮಾಣು ಬಾಂಬು ಗಾಯಾಳುಗಳ ಆಯೋಗವು 1947ರಲ್ಲಿ ಹಿರೋಶಿಮಾದಲ್ಲೂ ಮರುವರ್ಷ ನಾಗಸಾಕಿಯಲ್ಲೂ ಕೆಲಸ ಆರಂಭಿಸಿತು. ಅದು ಪರೀಕ್ಷಿಸಿತು, ದಾಖಲಿಸಿತು. ಚಿಕಿತ್ಸೆ ನೀಡುವುದು ಅದರ ಕೆಲಸವಾಗಿರಲಿಲ್ಲ. ಮನಸ್ಸಿನ ವಿಷಯವನ್ನು ವಿಸ್ತಾರವಾಗಿ ಕೇಳಿ ಬರೆದವರು ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್. 1962ರಲ್ಲಿ ಅವರು ಹಿರೋಶಿಮಾದಲ್ಲಿ ಬದುಕಿ ಉಳಿದವರನ್ನು ಸಂದರ್ಶಿಸಿದರು. ಅದರ ಫಲವಾದ ಗ್ರಂಥ 1968ರಲ್ಲಿ ಪ್ರಕಟವಾಯಿತು. ಅವರು ಗುರುತಿಸಿದ ಮೂರು ಸಂಗತಿಗಳು ನಾಗಸಾಕಿಗೂ ಅನ್ವಯಿಸುತ್ತವೆ.

ಮೊದಲನೆಯದು ಮನಸ್ಸಿನ ಮರಗಟ್ಟುವಿಕೆ. ಸುತ್ತಲೂ ನಡೆಯುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ಅದಕ್ಕೆ ತಕ್ಕ ಭಾವನೆ ಹುಟ್ಟುತ್ತಿರಲಿಲ್ಲ. ಆ ಕ್ಷಣದಲ್ಲಿ ಬದುಕುಳಿಯಲು ನೆರವಾದ ಈ ಮರಗಟ್ಟುವಿಕೆ ಅನೇಕರಲ್ಲಿ ವರ್ಷಗಟ್ಟಲೆ ಬಿಟ್ಟುಹೋಗಲಿಲ್ಲ. ಎರಡನೆಯದು ಬದುಕುಳಿದುದರ ಅಪರಾಧಭಾವ. ನೀರು ಕೇಳಿದವರಿಗೆ ನೀರು ಕೊಡದೆ ಓಡಿದ್ದು, ಉರಿಯುವ ಮನೆಯಡಿ ಸಿಕ್ಕಿಬಿದ್ದವರ ಕೂಗನ್ನು ಹಿಂದೆ ಬಿಟ್ಟದ್ದು, ಇಂಥ ನೆನಪುಗಳು ಸಾಕ್ಷ್ಯಗಳಲ್ಲಿ ಮತ್ತೆಮತ್ತೆ ಬರುತ್ತವೆ. ಬಾಂಬು ಹಾಕಿದವರಿಗಿಂತ ತನ್ನನ್ನೇ ಹೆಚ್ಚು ದೂರಿಕೊಂಡವರು ಇದ್ದರು. ಮೂರನೆಯದು ಮುಗಿಯದ ಭಯ. ಒಂದು ನೆಗಡಿ, ಮೂಗಿನಿಂದ ಒಂದು ಹನಿ ರಕ್ತ, ಕಾರಣವಿಲ್ಲದ ಆಯಾಸ, ಎಲ್ಲವೂ ಅಂತ್ಯದ ಸೂಚನೆಯಾಗಿ ತೋರಿದವು. 'ಹಿಬಾಕುಶಾ', ಅಂದರೆ ಬಾಂಬಿಗೆ ತುತ್ತಾದವರು ಎಂಬ ಹೆಸರು ಬಿದ್ದ ಮೇಲೆ ಮದುವೆಯ ಮಾತುಕತೆಗಳು ಮುರಿದವು. ಹಾಗಾಗಿ ಮಕ್ಕಳ ಹಿತಕ್ಕಾಗಿ ಗುರುತನ್ನೇ ಮರೆಮಾಚಿದವರು ಬಹಳ.

ಉರಕಾಮಿಯ ಕಥೋಲಿಕರ ಮೇಲೆ ಇನ್ನೂ ಒಂದು ಹೊರೆ ಬಿತ್ತು. ಬಾಂಬು ನಾಗಸಾಕಿಯ ಮೇಲೆ ಬೀಳಲಿಲ್ಲ, ಉರಕಾಮಿಯ ಮೇಲೆ ಬಿತ್ತು ಎಂಬ ಮಾತು ನಗರದಲ್ಲಿ ಹಬ್ಬಿತು. ಊರಿನ ಸುವಾ ದೇವಸ್ಥಾನಕ್ಕೆ ನಡೆದುಕೊಳ್ಳದೆ ಪರದೇಶದ ದೇವರನ್ನು ಪೂಜಿಸಿದ್ದಕ್ಕೆ ದೈವಶಿಕ್ಷೆ ತಗುಲಿತೆಂದು ಕೆಲವರು ಹೇಳಿದರು. ಸೈನ್ಯದಿಂದ ಮರಳಿದ ಉರಕಾಮಿಯ ಒಬ್ಬ ವಿಶ್ವಾಸಿ ತನ್ನ ಹೆಂಡತಿ ಮಕ್ಕಳೆಲ್ಲ ಸತ್ತಿರುವುದನ್ನು ಕಂಡು ನಾಗಾಯಿಯವರ ಬಳಿ ಬಂದು, ಜನ ಇದನ್ನು ಶಿಕ್ಷೆಯೆನ್ನುತ್ತಿದ್ದಾರೆ, ಹಾಗಾದರೆ ನನ್ನ ಹೆಂಡತಿ ಮಕ್ಕಳು ಪಾಪಿಗಳಾಗಿದ್ದರೇ ಎಂದು ಕೇಳಿದ್ದನ್ನು ನಾಗಾಯಿ ದಾಖಲಿಸಿದ್ದಾರೆ. ನವೆಂಬರ್ 23ರ ಭಾಷಣವನ್ನು ಓದುವಾಗ ಈ ಪ್ರಶ್ನೆಯನ್ನು ನಾವು ಮರೆಯಬಾರದು. ಅದು ದೈವಶಾಸ್ತ್ರದ ಗೋಷ್ಠಿಗೆ ಬರೆದ ಪ್ರಬಂಧವಲ್ಲ. ಸತ್ತ ಮಕ್ಕಳ ಮೇಲೆ ಬಿದ್ದ ಕಳಂಕವನ್ನು ತೊಡೆಯಲು ಒಬ್ಬ ವಿಧುರನು ಆಡಿದ ಮಾತು.

ನಾಗಾಯಿಯವರ ಉತ್ತರ

ನಾಗಾಯಿ 1934ರಲ್ಲಿ ಪೌಲನೆಂಬ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದವರು. ಗುಪ್ತ ಕ್ರೈಸ್ತರ ನಾಯಕತ್ವವನ್ನು ವಂಶಪಾರಂಪರ್ಯವಾಗಿ ನಿರ್ವಹಿಸಿದ್ದ ಮೊರಿಯಾಮಾ ಮನೆತನದ ಮಗಳೇ ಮಿದೋರಿ. ಬಾಂಬು ಬಿದ್ದ ದಿನ ತಲೆಯ ಪಕ್ಕದ ರಕ್ತನಾಳ ಕತ್ತರಿಸಿ ರಕ್ತ ಹರಿಯುತ್ತಿದ್ದರೂ ಅವರು ಗಾಯಾಳುಗಳ ಸೇವೆಯಲ್ಲಿ ನಿಂತರು. ಎರಡು ದಿನಗಳ ಬಳಿಕ ಮನೆಗೆ ಹೋದಾಗ ಅವರಿಗೆ ಸಿಕ್ಕಿದ್ದು ಪತ್ನಿಯ ಸುಟ್ಟ ಎಲುಬುಗಳು ಮತ್ತು ಅವುಗಳ ಬಳಿ ಕರಗಿದ್ದ ಜಪಮಾಲೆ.

ಅವರ ವಾದದ ಸಾರ ಹೀಗಿದೆ. ಮೋಡಗಳು ವಿಮಾನವನ್ನು ಉರಕಾಮಿಯತ್ತ ತಿರುಗಿಸಿದ್ದು ಆಕಸ್ಮಿಕವಲ್ಲ. ಬಾಂಬು ಬಿದ್ದ ದಿನವೇ ಟೋಕಿಯೊದಲ್ಲಿ ಯುದ್ಧ ನಿಲ್ಲಿಸುವ ಬಗ್ಗೆ ಸಮಾಲೋಚನೆ ನಡೆಯಿತು. ದೇವಾಲಯ ಹೊತ್ತಿ ಉರಿದ ಆ ನಡುರಾತ್ರಿಯಲ್ಲೇ ಶರಣಾಗತಿಯ ನಿರ್ಧಾರವಾಯಿತು. ಮಾತೆಯ ಮಹೋತ್ಸವದ ದಿನವೇ ಯುದ್ಧ ಕೊನೆಗೊಂಡಿತು. ಲೋಕದ ಯುದ್ಧಪಾಪಕ್ಕೆ ಪ್ರಾಯಶ್ಚಿತ್ತವಾಗಿ ಕಳಂಕರಹಿತ ಕುರಿಮರಿಯೊಂದು ಬೇಕಾಗಿತ್ತು. ಶತಮಾನಗಳ ರಕ್ತಸಾಕ್ಷ್ಯದಿಂದ ಶುದ್ಧವಾದ ಉರಕಾಮಿಯನ್ನು ದೇವರು ಆರಿಸಿಕೊಂಡನು. ಸತ್ತವರು ಧನ್ಯರು. ಉಳಿದವರಾದರೋ ಆ ಬಲಿಗೆ ಯೋಗ್ಯರೆನಿಸದವರು. ಅವರು ಪ್ರಾಯಶ್ಚಿತ್ತದ ಹಾದಿಯಲ್ಲಿ ನಡೆಯುತ್ತ ದೇವರಿಗೆ ಕೃತಜ್ಞತೆ ಸಲ್ಲಿಸಬೇಕು.

ಈ ವಾದ ಒಂದೇ ಸಲಕ್ಕೆ ಎರಡು ಕೆಲಸಗಳನ್ನು ಮಾಡಿತು. ಸತ್ತವರನ್ನು ಅದು ಅವಮಾನದಿಂದ ಎತ್ತಿತು. ಶಿಕ್ಷೆಗೊಳಗಾದವರೆಂದು ನಿಂದಿಸಲ್ಪಟ್ಟವರು ಆರಿಸಲ್ಪಟ್ಟವರಾದರು. ಇದು ಸಣ್ಣ ಸಾಂತ್ವನವಲ್ಲ. ಬದುಕಿದ್ದವರನ್ನು ಮಾತ್ರ ಅದು ಇಕ್ಕಟ್ಟಿನಲ್ಲಿ ನಿಲ್ಲಿಸಿತು. ನಾನೇಕೆ ಉಳಿದೆ ಎಂದು ರಾತ್ರಿಯಿಡೀ ಕೊರಗುತ್ತಿದ್ದವನಿಗೆ, ನೀನು ಯೋಗ್ಯನಲ್ಲದ ಕಾರಣ ಉಳಿದೆ ಎಂಬ ಉತ್ತರ ದೊರೆಯಿತು. ಲಿಫ್ಟನ್ ಅವರು ರೋಗಲಕ್ಷಣವೆಂಬಂತೆ ವಿವರಿಸಿದ ಅಪರಾಧಭಾವಕ್ಕೆ ಇಲ್ಲಿ ದೈವಶಾಸ್ತ್ರದ ಮುದ್ರೆ ಬಿತ್ತು. ದೇವರು ಆರಿಸಿಕೊಂಡದ್ದರ ಮೇಲೆ ದೂರು ಹೇಳುವುದು ವಿಶ್ವಾಸದ್ರೋಹವಾಗಿ ತೋರಿತು.

ನಾಗಾಯಿಯವರಿಗೆ ಆ ಗಾಯದ ಅರಿವಿರಲಿಲ್ಲ ಎನ್ನುವುದು ಅನ್ಯಾಯವಾದೀತು. ಬಂಧುಗಳ ಮತ್ತು ನೆರೆಹೊರೆಯವರ ಸಾಕ್ಷ್ಯಗಳನ್ನು ಅವರೇ ಸಂಗ್ರಹಿಸಿದರು. ಬದುಕಿ ಉಳಿದ ಪ್ರತಿಯೊಬ್ಬರ ಎದೆಯಲ್ಲೂ ಮಾಯದ ಗಾಯವೊಂದಿದೆ, ಒಬ್ಬಂಟಿಯಾಗಿದ್ದಾಗ ಅದು ಕಾಡುತ್ತದೆ, ನೆರೆಯವರ ಮುಖ ಕಂಡಾಗ ಅದು ಮತ್ತೆ ನೆನಪಾಗುತ್ತದೆ ಎಂಬರ್ಥದ ಮಾತುಗಳನ್ನು ಬರೆದವರೂ ಅವರೇ. ಎರಡು ಚಾಪೆಯಗಲದ ಗುಡಿಸಲಿನಲ್ಲಿ ಮಲಗಿಕೊಂಡೇ ಬರೆಯುತ್ತ 1951ರ ಮೇ 1ರಂದು ಅವರು ತೀರಿಕೊಂಡರು. ಪವಿತ್ರ ಜೀವನ ನಡೆಸಿದ ಒಬ್ಬ ವ್ಯಕ್ತಿಯ ಒಂದು ವಾದವನ್ನು ಪರಿಶೀಲಿಸುವಾಗ ಅವರ ಪಾವಿತ್ರ್ಯವನ್ನು ಪ್ರಶ್ನಿಸಬೇಕಾಗಿಲ್ಲ.

ಮೌನದ ವರ್ಷಗಳು

ಮೌನಕ್ಕೆ ದೈವಶಾಸ್ತ್ರವೊಂದೇ ಕಾರಣವಾಗಿರಲಿಲ್ಲ. 1945ರ ಸೆಪ್ಟೆಂಬರಿನಿಂದ ಆಕ್ರಮಿತ ಸೇನೆಯ ಪತ್ರಿಕಾ ನಿಯಮಗಳು ಜಾರಿಯಲ್ಲಿದ್ದು, ಬಾಂಬಿನ ಪರಿಣಾಮಗಳ ಬಗ್ಗೆ ಬರೆಯುವುದು ಕಷ್ಟವಾಗಿತ್ತು. ನಾಗಾಯಿಯವರ 'ನಾಗಸಾಕಿಯ ಗಂಟೆ' 1946ರಲ್ಲೇ ಸಿದ್ಧವಾಗಿದ್ದರೂ 1949ರವರೆಗೆ ಪ್ರಕಟವಾಗಲಿಲ್ಲ. ಮನಿಲಾದಲ್ಲಿ ಜಪಾನಿ ಸೈನಿಕರು ನಡೆಸಿದ ಕ್ರೌರ್ಯದ ವರದಿಯನ್ನು ಜೊತೆಗೆ ಸೇರಿಸಿದ ಮೇಲೆಯೇ ಅದಕ್ಕೆ ಅನುಮತಿ ದೊರೆಯಿತು. ಬಡತನವಿತ್ತು, ಕಾಯಿಲೆಯಿತ್ತು, ನೆರೆಯವರ ತಾತ್ಸಾರವಿತ್ತು. ಇವೆಲ್ಲದರ ಮೇಲೆ, ದೇವರ ಚಿತ್ತವೆಂಬ ಮಾತು ಕೂಡಿಕೊಂಡಿತು. ಹಿರೋಶಿಮಾ ಕೋಪಿಸುತ್ತದೆ, ನಾಗಸಾಕಿ ಪ್ರಾರ್ಥಿಸುತ್ತದೆ ಎಂಬ ನುಡಿ ಜಪಾನಿನಲ್ಲಿ ಬಳಕೆಗೆ ಬಂತು.

ಟೀಕೆ ಮೊದಲು ಬಂದದ್ದು ನಾಗಸಾಕಿಯಿಂದಲೇ. ಸ್ವತಃ ಹಿಬಾಕುಶಾ ಆಗಿದ್ದ ಕವಿ ಯಮಾದಾ ಕಾನ್ 1972ರಲ್ಲಿ ನಾಗಾಯಿಯವರ ನಿಲುವನ್ನು ಕಟುವಾಗಿ ವಿಮರ್ಶಿಸಿದರು. ತತ್ತ್ವಶಾಸ್ತ್ರದ ಅಧ್ಯಾಪಕ ತಾಕಾಹಾಶಿ ಶಿಂಜಿ ಈ ನಿಲುವಿಗೆ 'ಉರಕಾಮಿಯ ದಹನಬಲಿ ವಾದ' ಎಂದು ಹೆಸರಿಟ್ಟು, ಅದು ಎರಡು ಕಡೆಯವರಿಗೂ ವಿನಾಯಿತಿ ನೀಡುತ್ತದೆಂದು ತೋರಿಸಿದರು: ಯುದ್ಧ ಹೂಡಿದ ಜಪಾನಿನ ಆಳುವವರಿಗೆ ಒಂದು, ಬಾಂಬು ಹಾಕಿದ ಅಮೆರಿಕಕ್ಕೆ ಇನ್ನೊಂದು. ಬಾಂಬನ್ನು ಬೀಳಿಸಿದವನು ದೇವರಾದರೆ ಮನುಷ್ಯರಲ್ಲಿ ಯಾರೂ ಉತ್ತರ ಹೇಳಬೇಕಾಗಿಲ್ಲ. ನಾಗಾಯಿಯವರ ಮಾತು ಹುಟ್ಟಿದ ಸಂದರ್ಭವನ್ನು ಎತ್ತಿಹಿಡಿದು ಈ ಟೀಕೆಗೆ ಉತ್ತರಿಸಿದ ಕಥೋಲಿಕ ವಿದ್ವಾಂಸರೂ ಇದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಆದರೂ ಜವಾಬ್ದಾರಿಯ ಪ್ರಶ್ನೆ ಉಳಿದೇ ಉಳಿಯುತ್ತದೆ.

ಅದೇ ಕಣಿವೆಯಲ್ಲಿ ಬೇರೊಂದು ದಾರಿ ಹಿಡಿದವರೂ ಇದ್ದರು. ಸ್ಫೋಟಕೇಂದ್ರದಿಂದ 1.4 ಕಿಲೋಮೀಟರ್ ದೂರದ ಆಸ್ಪತ್ರೆಯೊಂದರಲ್ಲಿ ತಾತ್ಸುಇಚಿರೊ ಅಕಿಝುಕಿ ಎಂಬ ತರುಣ ವೈದ್ಯರಿದ್ದರು. ಆ ಆಸ್ಪತ್ರೆಯ ಕಟ್ಟಡ ಹಿಂದೆ ಫ್ರಾನ್ಸಿಸ್ಕನ್ನರ ಗುರುಮಠವಾಗಿತ್ತು. ಆಗ ಬೌದ್ಧರಾಗಿದ್ದ ಅವರು ಔಷಧಿಯಿಲ್ಲದೆಯೇ ನೂರಾರು ಮಂದಿಯ ಶುಶ್ರೂಷೆ ಮಾಡಿದರು. ಮುಂದೆ ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದರು. ಹಿಬಾಕುಶಾಗಳ ಸಾಕ್ಷ್ಯಗಳನ್ನು ಕಲೆಹಾಕಿ ಪ್ರಕಟಿಸುವ ಚಳವಳಿಗೆ ಅವರು ಮುಂದಾಳಾದರು. ಬಾಯಿ ತೆರೆಯುವುದೂ ವಿಶ್ವಾಸದ ಕ್ರಿಯೆಯಾಗಬಲ್ಲದು ಎಂಬುದಕ್ಕೆ ಅವರ ಬದುಕು ಒಂದು ನಿದರ್ಶನ.

1981ರ ಒಂದು ಮಾತು

1981ರ ಫೆಬ್ರವರಿ 25ರಂದು ಜಗದ್ಗುರು ಎರಡನೇ ಜಾನ್ ಪೌಲರು ಹಿರೋಶಿಮಾದಲ್ಲಿ ನಿಂತು, ಜಪಾನಿ ಭಾಷೆಯಲ್ಲೇ, ಯುದ್ಧವು ಮನುಷ್ಯನ ಕೃತ್ಯವೆಂದು ಸಾರಿದರು. ಮರುದಿನ ನಾಗಸಾಕಿಯಲ್ಲಿ ಸುರಿಯುವ ಹಿಮದ ನಡುವೆ ಬಲಿಪೂಜೆ ಅರ್ಪಿಸಿ, ವೃದ್ಧ ಹಿಬಾಕುಶಾಗಳ ಆಶ್ರಯಧಾಮಕ್ಕೆ ಭೇಟಿ ನೀಡಿದರು.

ದೈವಶಾಸ್ತ್ರ ಓದಿದವರಿಗೆ ಆ ವಾಕ್ಯದಲ್ಲಿ ಹೊಸತೇನೂ ಕಾಣದಿರಬಹುದು. ನಗರಗಳನ್ನು ನಿವಾಸಿಗಳ ಸಮೇತ ವಿವೇಚನೆಯಿಲ್ಲದೆ ನಾಶಮಾಡುವುದು ದೇವರಿಗೂ ಮನುಷ್ಯನಿಗೂ ವಿರುದ್ಧವಾದ ಅಪರಾಧವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತ್ತು. ಆದರೆ 36 ವರ್ಷ ದೇವರ ಚಿತ್ತವೆಂದು ನುಂಗಿಕೊಂಡು ಬಂದವರ ಕಿವಿಗೆ ಅದು ಬಿಡುಗಡೆಯಾಗಿ ಕೇಳಿಸಿತು. ಮುಖ ಸುಟ್ಟು, ಬಂಧುಬಳಗವನ್ನು ಕಳೆದುಕೊಂಡು, ಎಲ್ಲವನ್ನೂ ದೈವಸಂಕಲ್ಪವೆಂದು ನಂಬಿ ಬಾಳಿದ್ದ ಕಥೋಲಿಕ ಮಹಿಳೆಯೊಬ್ಬರು ಆ ಬಳಿಕ ತಮ್ಮ ಕಥೆಯನ್ನು ಬಹಿರಂಗವಾಗಿ ಹೇಳತೊಡಗಿದರು. ಅವರಂತೆ ಇತರರೂ ಮಾತಾಡಿದರು. ಜಪಾನಿನ ಧರ್ಮಸಭೆ 1982ರಿಂದ ಪ್ರತಿವರ್ಷ ಆಗಸ್ಟ್ 6ರಿಂದ 15ರವರೆಗೆ ಶಾಂತಿಗಾಗಿ ಹತ್ತು ದಿನಗಳನ್ನು ಮೀಸಲಿಟ್ಟಿತು. 1995ರಲ್ಲಿ ಅಲ್ಲಿನ ಧರ್ಮಾಧ್ಯಕ್ಷರು ಯುದ್ಧದಲ್ಲಿ ತಮ್ಮ ಧರ್ಮಸಭೆಯ ಹೊಣೆಯನ್ನೂ ಒಪ್ಪಿಕೊಂಡರು.

ಕೃತ್ಯ ಮನುಷ್ಯನದಾದ ಮೇಲೆ ಹೊಣೆಯನ್ನು ಕೇಳಲು ದಾರಿ ತೆರೆಯುತ್ತದೆ. ಗುಪ್ತ ಕ್ರೈಸ್ತರ ವಂಶದವರಾದ ನಾಗಸಾಕಿಯ ಮೇಯರ್ ಮೊತೊಶಿಮಾ ಹಿತೊಶಿ 1988ರ ಡಿಸೆಂಬರಿನಲ್ಲಿ, ಯುದ್ಧದ ಹೊಣೆ ಚಕ್ರವರ್ತಿಗೂ ಇದೆಯೆಂದು ಹೇಳಿದರು. 1990ರ ಜನವರಿಯಲ್ಲಿ ಅವರ ಮೇಲೆ ಗುಂಡು ಹಾರಿಸಲಾಯಿತು; ಅವರು ಬದುಕಿದರು, ಮಾತನ್ನು ಹಿಂದೆಗೆಯಲಿಲ್ಲ. ಸಮುದ್ರದ ಆಚೆಯಲ್ಲೂ ಇಂಥ ಮಾತು ಹೊರಟಿತ್ತು. ಬಾಂಬು ಹೊತ್ತ ವಿಮಾನಗಳು ಹೊರಟ ಟಿನಿಯನ್ ದ್ವೀಪದಲ್ಲಿ ಆ ಪಡೆಯ ಕಥೋಲಿಕ ಗುರುವಾಗಿದ್ದ ಜಾರ್ಜ್ ಝಬೆಲ್ಕಾ, ನಾಗರಿಕರನ್ನು ಕೊಲ್ಲುವುದರ ವಿರುದ್ಧ ತಾನು ಒಮ್ಮೆಯೂ ಉಪದೇಶ ಮಾಡಲಿಲ್ಲವೆಂದು ತನ್ನ ಇಳಿವಯಸ್ಸಿನಲ್ಲಿ ಪಶ್ಚಾತ್ತಾಪಪಟ್ಟು ಸಾರ್ವಜನಿಕವಾಗಿ ಒಪ್ಪಿಕೊಂಡರು. ಯಾಜಕರ ಮೌನವೂ ಯುದ್ಧದ ಇತಿಹಾಸದ ಒಂದು ಭಾಗ.

ಬಲಿಯಾಗುವುದು, ಬಲಿಯಾಗಿ ಅರ್ಪಿಸಿಕೊಳ್ಳುವುದು

ಈಗ ನಾವು ನಮ್ಮ ನುಡಿಯತ್ತ ತಿರುಗೋಣ. ಕನ್ನಡದಲ್ಲಿ 'ಬಲಿ' ಎಂಬ ಒಂದೇ ಪದ ಎರಡು ಕಡೆ ದುಡಿಯುತ್ತದೆ. ಬಸ್ಸು ಉರುಳಿ ಮೂವರು ಸತ್ತರೆ ಪತ್ರಿಕೆ 'ಅಪಘಾತಕ್ಕೆ ಮೂವರು ಬಲಿ' ಎಂದು ಬರೆಯುತ್ತದೆ. ಅದೇ ದಿನ ಬೆಳಿಗ್ಗೆ ನಾವು ಪೀಠದ ಮುಂದೆ ನಿಂತು ಬಲಿಪೂಜೆ ಅರ್ಪಿಸಿರುತ್ತೇವೆ. ಮೊದಲ 'ಬಲಿ'ಯಲ್ಲಿ ಸತ್ತವರ ಇಚ್ಛೆ ಇಲ್ಲ, ಅರ್ಪಿಸುವವರಿಲ್ಲ, ಸ್ವೀಕರಿಸುವವರೂ ಇಲ್ಲ. ಎರಡನೆಯದು ಕ್ರಿಸ್ತನು ತನ್ನ ಪ್ರಾಣವನ್ನು ಯಾರೂ ಕಸಿದುಕೊಳ್ಳದೆ ತಾನೇ ಕೊಟ್ಟ ಅರ್ಪಣೆ. ಒಂದೇ ಪದವಿರುವ ಕಾರಣ ಒಂದರಿಂದ ಇನ್ನೊಂದಕ್ಕೆ ಜಾರುವುದು ಉಪದೇಶಕನಿಗೆ ಬಹಳ ಸುಲಭ. ಉರಕಾಮಿಯಲ್ಲಿ ನಡೆದದ್ದು ಇಂಥದೇ ಜಾರುವಿಕೆ ಎಂದು ನಾವು ತಿಳಿಯುತ್ತೇವೆ.

ಅಡುಗೆಮನೆಯಲ್ಲಿದ್ದ ಮಿದೋರಿ, ಕಾರ್ಖಾನೆಯಲ್ಲಿದ್ದ ಶಾಲಾಬಾಲಕಿ, ಹೆಸರೂ ದಾಖಲಾಗದ ಕೊರಿಯಾದ ಕಾರ್ಮಿಕ, ಇವರನ್ನು ಯಾರೂ ದೇವರಿಗೆ ಅರ್ಪಿಸಲಿಲ್ಲ. ಅವರನ್ನು ಕೊಲ್ಲಲಾಯಿತು. ಇಸಾಕನ ಮೇಲೆ ಎತ್ತಿದ ಕೈಯನ್ನು ತಡೆದ ದೇವರು ಉರಕಾಮಿಯ ಮಕ್ಕಳ ದಹನವನ್ನು ಬಯಸಿದನೆನ್ನಲು ನಮಗೆ ಧರ್ಮಗ್ರಂಥದ ಆಧಾರವಿಲ್ಲ. ಸಿಲೋವಾಮಿನ ಗೋಪುರ ಕುಸಿದು ಸತ್ತವರನ್ನು ಕುರಿತು ಯೇಸುಸ್ವಾಮಿ ಶಿಕ್ಷೆಯ ವಿವರಣೆಯನ್ನು ತಳ್ಳಿಹಾಕಿದರು. ಅದರ ಬದಲಿಗೆ ಆಯ್ಕೆಯ ವಿವರಣೆಯನ್ನೂ ಕೊಡಲಿಲ್ಲ. ಕೇಳುತ್ತಿದ್ದವರನ್ನು ಪಶ್ಚಾತ್ತಾಪಕ್ಕೆ ಕರೆದರು. ಶಿಲುಬೆಯ ಮೇಲೆ ಅವರ ಬಾಯಿಂದ ಹೊರಟದ್ದು, ತನ್ನನ್ನು ಏಕೆ ಕೈಬಿಟ್ಟೆ ಎಂಬ ಕೀರ್ತನೆಕಾರನ ಕೂಗು. ಸತ್ತವರು ದೇವರ ಕೈಯಲ್ಲಿದ್ದಾರೆ ಎಂಬುದು ನಮ್ಮ ವಿಶ್ವಾಸ. ಅವರ ಸಾವು ದೇವರ ಕೈಯಿಂದ ಬಂತು ಎಂಬುದು ಬೇರೆಯೇ ಮಾತು. ಕ್ರಿಸ್ತನು ಸತ್ತವರ ಜೊತೆ ತನ್ನನ್ನು ಸೇರಿಸಿಕೊಂಡಿದ್ದಾನೆ ಎಂದು ನಾವು ಧೈರ್ಯವಾಗಿ ಹೇಳಬಹುದು. ಕೊಂದವರ ಕೆಲಸವನ್ನು ಅವನ ತಂದೆಯ ಯೋಜನೆಯಲ್ಲಿ ಸೇರಿಸಬಾರದು.

ಈ ವಿಷಯದಲ್ಲಿ ಜರ್ಮನಿಯ ದೈವಶಾಸ್ತ್ರಜ್ಞ ಯೊಹಾನ್ ಬಾಪ್ಟಿಸ್ಟ್ ಮೆಟ್ಝ್ ನಮಗೆ ಗುರುವಾಗಬಲ್ಲರು. ಯುದ್ಧದ ಕೊನೆಯಲ್ಲಿ, 16ನೆಯ ವಯಸ್ಸಿನಲ್ಲಿ, ಅವರನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸಲಾಗಿತ್ತು. ಒಂದು ರಾತ್ರಿ ಸಂದೇಶವೊಂದನ್ನು ತಲುಪಿಸಿ ಹಿಂದಿರುಗಿದಾಗ, ಹಿಂದಿನ ದಿನವಷ್ಟೇ ಜೊತೆಗಿದ್ದ ಹುಡುಗರೆಲ್ಲ ಸತ್ತು ಬಿದ್ದಿದ್ದರು. ಅಂದು ತನ್ನಲ್ಲಿದ್ದದ್ದು ಸದ್ದಿಲ್ಲದ ಒಂದು ಕೂಗು ಮಾತ್ರ ಎಂದು ಅವರು ಮುಂದೆ ನೆನೆದರು. ಆ ಕೂಗಿಗೆ ಉತ್ತರ ಕಂಡುಹಿಡಿದೆನೆಂದು ಅವರು ಎಂದೂ ಹೇಳಲಿಲ್ಲ. ಅದನ್ನು ಪ್ರಾರ್ಥನೆಯೊಳಗೆ ತರಲು ತಮ್ಮ ದೈವಶಾಸ್ತ್ರವನ್ನೆಲ್ಲ ಬಳಸಿದರು. ನೊಂದವರ ನೆನಪು ಆಳುವವರಿಗೂ ನೆಮ್ಮದಿಯ ಧರ್ಮಕ್ಕೂ ಅಪಾಯಕಾರಿ ಎಂದು ಅವರು ಬೋಧಿಸಿದ್ದು ಈ ಅನುಭವದಿಂದ ದೂರದ ಮಾತಲ್ಲ.

ಗುರುಗಳಾಗುವವರಿಗೆ

ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳದಿದ್ದರೆ ಈ ಲೇಖನ ಪ್ರಾಮಾಣಿಕವಾಗುವುದಿಲ್ಲ. ಗುರುದೀಕ್ಷೆ ಪಡೆದ ಹೊಸತರಲ್ಲಿ, ಹಳ್ಳಿಯ ಧರ್ಮಕೇಂದ್ರವೊಂದರಲ್ಲಿ, ಕೆರೆಯಲ್ಲಿ ಮುಳುಗಿ ಸತ್ತ ಬಾಲಕನೊಬ್ಬನ ಅಂತ್ಯಸಂಸ್ಕಾರ ನಡೆಸಿದೆವು. ದೇವರು ತನಗೆ ಪ್ರಿಯರಾದವರನ್ನು ಬೇಗ ಕರೆದುಕೊಳ್ಳುತ್ತಾನೆ ಎಂದು ಉಪದೇಶದಲ್ಲಿ ಹೇಳಿದೆವು. ಏಳನೆಯ ದಿನದ ಪೂಜೆಗೆ ಬಂದ ತಾಯಿ, ಪಕ್ಕದಲ್ಲಿ ನಿಂತಿದ್ದ ಮಗಳ ಕೈ ಹಿಡಿದು, "ಸ್ವಾಮಿ, ಹಾಗಾದರೆ ಇವಳು ದೇವರಿಗೆ ಬೇಡವಾದವಳಾ?" ಎಂದು ಕೇಳಿದರು. ಆ ಹುಡುಗಿ ತಮ್ಮನ ಜೊತೆ ಕೆರೆಗೆ ಹೋಗಿ ಬದುಕಿ ಬಂದವಳು. ನಮ್ಮಲ್ಲಿ ಉತ್ತರವಿರಲಿಲ್ಲ. ಉರಕಾಮಿಯ ಇತಿಹಾಸವನ್ನು ಓದಿದ್ದು ಅದಾದ ಹಲವು ವರ್ಷಗಳ ನಂತರ. ಓದಿದಾಗ ಮೊದಲು ನೆನಪಾದದ್ದು ಆ ಹುಡುಗಿಯ ಮುಖ.

ಯುದ್ಧಗಳು ಇಂದೂ ನಡೆಯುತ್ತಿವೆ. ಗಲಭೆ, ಪ್ರವಾಹ, ಭೂಕುಸಿತಗಳು ನಮ್ಮ ಸುತ್ತಮುತ್ತಲಿನ ಜನರಲ್ಲೂ ಇದೇ ಬಗೆಯ ಗಾಯವನ್ನು ಉಳಿಸುತ್ತವೆ. ಆಗ ನಾವು ಮಾಡಬಹುದಾದ ಕೆಲಸಗಳು ದೊಡ್ಡವಲ್ಲ. ಯೋಬನ ಗೆಳೆಯರು ಮೊದಲ ಏಳು ದಿನ ಮಾತಿಲ್ಲದೆ ನೆಲದ ಮೇಲೆ ಕುಳಿತಿದ್ದರು. ಅವರು ತಪ್ಪಿದ್ದು ಬಾಯಿ ತೆರೆದು ವಿವರಣೆ ಕೊಡಹೊರಟಾಗ. ನಾವು ಕುಳಿತುಕೊಳ್ಳುವುದನ್ನು ಕಲಿಯಬೇಕು. ಕತ್ತಲೆಯಲ್ಲೇ ಕೊನೆಗೊಳ್ಳುವ 88ನೆಯ ಕೀರ್ತನೆಯನ್ನೂ ಪ್ರಲಾಪಗಳ ಗ್ರಂಥವನ್ನೂ ನೊಂದವರ ಜೊತೆ ಓದಬೇಕು, ಕೊನೆಗೆ ನಮ್ಮದೊಂದು ಸಮಾಧಾನದ ವಾಕ್ಯವನ್ನು ಅಂಟಿಸದೆ. ಬದುಕಿ ಉಳಿದವರ ಕಥೆಯನ್ನು ಅವರು ಎಷ್ಟು ಸಲ ಹೇಳಿದರೂ ಕೇಳಬೇಕು. ನಿದ್ದೆಯಿಲ್ಲದವರನ್ನು, ಮರಗಟ್ಟಿದವರನ್ನು, ತಮ್ಮನ್ನೇ ದೂರಿಕೊಳ್ಳುವವರನ್ನು ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ಕಳುಹಿಸಬೇಕು. ಪಾಪನಿವೇದನೆಯಲ್ಲಿ ಅವರು ತಮ್ಮ ಬದುಕುಳಿದುದನ್ನೇ ಪಾಪವೆಂದು ಹೇಳಿಕೊಂಡರೆ, ಅದು ಪಾಪವಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಕೊಂದವರು ಯಾರೆಂಬ ಪ್ರಶ್ನೆಯನ್ನು ದೇವರ ಹೆಸರಿನಲ್ಲಿ ಅಡಗಿಸಬಾರದು.

ಉರಕಾಮಿಯ ದೇವಾಲಯದ ಅವಶೇಷಗಳನ್ನು 1958ರಲ್ಲಿ ತೆರವುಗೊಳಿಸಿ, ಮರುವರ್ಷ ಹೊಸ ದೇವಾಲಯವನ್ನು ಕಟ್ಟಲಾಯಿತು; ಅದು ಇಂದು ನಾಗಸಾಕಿಯ ಪ್ರಧಾನಾಲಯ. ಹಳೆಯ ಪೀಠದ ಮೇಲಿದ್ದ ಮಾತೆ ಮರಿಯಳ ಮರದ ಪ್ರತಿಮೆಯಲ್ಲಿ ಉಳಿದದ್ದು ತಲೆ ಮಾತ್ರ. ಅವಶೇಷಗಳಲ್ಲಿ ಅದನ್ನು ಕಂಡ ಸನ್ಯಾಸಿಯೊಬ್ಬರು ತಮ್ಮ ಮಠಕ್ಕೆ ಒಯ್ದು ಮೂವತ್ತು ವರ್ಷ ಕಾಪಾಡಿ, 1975ರಲ್ಲಿ ನಾಗಸಾಕಿಗೆ ಹಿಂದಿರುಗಿಸಿದರು. ಗಾಜಿನ ಕಣ್ಣುಗಳು ಬೆಂಕಿಯಲ್ಲಿ ಕರಗಿ ಹೋಗಿವೆ; ಕೆನ್ನೆಯ ಮೇಲೆ ಸುಟ್ಟ ಕಲೆಯಿದೆ. ಅದನ್ನು ಅವರು ದುರಸ್ತಿ ಮಾಡಿಸಲಿಲ್ಲ, ಬಣ್ಣ ಹಚ್ಚಲಿಲ್ಲ. ಇದ್ದಂತೆಯೇ ಪ್ರಧಾನಾಲಯದ ಒಂದು ಪ್ರಾರ್ಥನಾಲಯದಲ್ಲಿ ಇಟ್ಟಿದ್ದಾರೆ. ಜನ ಅದರ ಮುಂದೆ ಮೊಣಕಾಲೂರಿ ಪ್ರಾರ್ಥಿಸುತ್ತಾರೆ.